ಮೊದಲ ನೀರು

…ಬೇಡ ಅಣ್ಣ, ನೀರು ಬೇಡ. ಈಗ ತಾನೆ ಕುಡಿದು ಬಂದೆ. ಇಡು, ಅಲ್ಲೇ ಇಡು, ಆಮೇಲೆ ನೋಡೋಣ. ಅಯ್ಯೋ, ನನಗೋಸ್ಕರ ಎದ್ದು ಓಡಾಡಬೇಡ, ಕೂತ್ಕೋ. ನಾನೇನು ಈ ಮನೆಗೆ ಹೊಸಬಳಾ?

ಈ ಸ್ಟೂಲು ಇನ್ನೂ ಅಲ್ಲಾಡ್ತಿದೆಯಲ್ಲಾ! ನಾನು ಎಂಟು ವರ್ಷದ ಹುಡುಗಿ ಆಗಿದ್ದಾಗಲೂ ಹಿಂಗೇ ಅಲ್ಲಾಡ್ತಿತ್ತು. ಊರಿನ ಪೈಪನ್ನೆಲ್ಲಾ ಸರಿ ಮಾಡೋ ನೀರುಗಂಟಿ, ಸ್ವಂತ ಮನೇಲಿ ಒಂದು ಸ್ಟೂಲಿನ ಕಾಲು ಸರಿ ಮಾಡ್ಕೊಳ್ಳಕ್ಕಾಗಲ್ಲ… ನಗೋದೇ ಇಲ್ವಾ? ಸರಿ ಬಿಡು.

ಬಾಗಿಲು ಹಾಕ್ಲಾ? …ಬೇಡ್ವಾ? ಆಯ್ತು, ತೆಗೆದೇ ಇರ್ಲಿ. ಬಿಸಿಲು ಕಣ್ಣಿಗೆ ಹೊಡೀತಿತ್ತು ಅಂತ ಕೇಳಿದೆ, ಅಷ್ಟೆ.

ಮೂರು ದಿನದಿಂದ ಯಾರ ಹತ್ರಾನೂ ಒಂದು ಮಾತೂ ಆಡಿಲ್ವಂತೆ ನೀನು. ಅತ್ತಿಗೆ ಹೇಳಿದ್ರು. ಹೌದು, ಆಸ್ಪತ್ರೆಯಿಂದಲೇ ಬರ್ತಿದ್ದೀನಿ. ಡ್ರಿಪ್ ಇನ್ನೂ ಹಾಕಿದ್ದಾರೆ, ಆದ್ರೆ ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ. ಮೊದಲ ದಿನ ನೆಲದ ಮೇಲೆ ಮಲಗಿಸಿದ್ರಲ್ಲ, ಕಾರಿಡಾರಿನಲ್ಲಿ… ವಾಂತಿಭೇದಿ ಹಿಡಿದ ನಮ್ಮ ಬೀದಿಯ ನಲವತ್ತೊಂದು ಜನಾನೂ ಹಂಗೇ, ಸಾಲಾಗಿ… ನಾನೇ ದೊಡ್ಡ ಡಾಕ್ಟರ ಹತ್ರ ಜಗಳ ಆಡಿ ಅತ್ತಿಗೆಗೆ ಮಂಚ ಕೊಡಿಸ್ದೆ. ಕಿಟಕಿ ಪಕ್ಕದ್ದು! ಯಾರಿಗೂ ಹೇಳಬೇಡ, ನಮಗೂ ಕೊಡಿಸಿ ಅಂತ ಬರ್ತಾರೆ. ಅತ್ತಿಗೆಗೆ ತನ್ನ ಯೋಚನೆ ಇಲ್ಲ, ನಿನ್ನದೇ ಯೋಚನೆ. ಅವರಿಗೆ ಊಟ ಯಾರು ಹಾಕ್ತಾರೆ, ಅವರು ಮಾತಾಡ್ತಾ ಇಲ್ಲ, ಅದೇ ಅದೇ. ನಾನಿಲ್ವಾ, ನಾನು ನೋಡ್ಕೋತೀನಿ ಸುಮ್ಮನಿರಿ ಅಂದೆ.

ಅದಕ್ಕೇ ಬಂದೆ.

ನೋಡಣ್ಣ, ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ, ನಿನಗೆ ಗೊತ್ತು. ನಾಳೆ ಹತ್ತು ಗಂಟೆಗೆ ತನಿಖೆ ಅಧಿಕಾರಿ ಬರ್ತಾನೆ. ಹೊರಗಿನೋನು. ನಮ್ಮ ಬೀದಿ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತಾನೂ ಗೊತ್ತಿಲ್ಲದೋನು. ಅವನಿಗೆ ಬೇಕಾಗಿರೋದು ಒಂದು ಕಾಗದ. ಅದನ್ನ ನಾನೇ ಟೈಪ್ ಮಾಡಿಸಿ ತಂದಿದ್ದೀನಿ. ಕನ್ನಡಕ ಹುಡುಕಬೇಡ, ನಾನೇ ಓದ್ತೀನಿ. ‘ಉದ್ಘಾಟನೆಯ ದಿನ, ಕೆಳಗಿನ ಬೀದಿಯ ಹೊಸ ಕೊಳವೆಯ ಮೊದಲ ನೀರನ್ನು ಮೋರಿಗೆ ಹರಿಸಿ ನಂತರ ಜನರಿಗೆ ಬಿಡಬೇಕಾಗಿದ್ದು, ಕೆಲಸದ ಒತ್ತಡದಲ್ಲಿ ನಾನು ಅದನ್ನು ಮರೆತಿರುತ್ತೇನೆ.’ ಅಷ್ಟೆ! ಕೆಳಗೆ ನಿನ್ನ ಸಹಿ. ಮುಗೀತು ಕತೆ.

…ಏನು ಹಂಗೆ ನೋಡ್ತೀಯ?

ಗೊತ್ತು, ಗೊತ್ತು. ನೀನು ಮರೆಯೋನಲ್ಲ. ಮೂವತ್ತೈದು ವರ್ಷದಲ್ಲಿ ಒಂದು ದಿನ ಮರೆತಿಲ್ಲ. ನಿನ್ನ ಪದ್ಧತಿ ಊರಿಗೇ ಗೊತ್ತು. ವಾಲ್ವ್ ತಿರುಗಿಸೋದು, ಬೀದಿ ಕೊನೆಯ ನಲ್ಲಿ ತೆಗೆದು ಅರ್ಧ ಗಂಟೆ ನೀರನ್ನ ಸುಮ್ಮನೆ ಮೋರಿಗೆ ಬಿಡೋದು, ಅಂಗೈಯಲ್ಲಿ ಹಿಡಿದು ನೋಡೋದು, ಮೂಸೋದು, ಆಮೇಲೆ ‘ಹಿಡ್ಕೊಳ್ರಮ್ಮಾ’ ಅಂತ ಕೂಗೋದು. ಅಲ್ಲಿವರೆಗೂ ಒಬ್ಬರನ್ನೂ ಹತ್ರ ಸೇರಿಸ್ತಿರ್ಲಿಲ್ಲ. ಜನ ಬೈತಿದ್ರು, ನೀರು ಪೋಲು ಮಾಡ್ತಾನೆ ಅಂತ. ನೀನು ಕಿವಿಗೇ ಹಾಕ್ಕೊಳ್ತಿರ್ಲಿಲ್ಲ. ‘ನೀರು ನಿಂತಾಗ ಪೈಪು ಖಾಲಿ. ಖಾಲಿ ಪೈಪು ಪಕ್ಕದಲ್ಲಿ ಇರೋ ಹೊಲಸನ್ನೆಲ್ಲಾ ಒಳಗೆ ಎಳ್ಕೊಳ್ಳುತ್ತೆ. ಅದು ಮೊದಲು ಹೋಗ್ಲಿ.’ ಎಷ್ಟು ಸಲ ಕೇಳಿದ್ದೀನಿ ಈ ಪಾಠ!

ನನ್ನ ಕೈಗೇ ಹೊಡೆದಿದ್ದೀಯಲ್ಲ! ನೆನಪಿದೆಯಾ? ಮೇಲಿನ ಬೀದಿ ನಲ್ಲಿ ಹತ್ರ. ನಮ್ಮ ಕೆಳಗಿನ ಬೀದಿಗೆ ಆಗ ಎಲ್ಲಿತ್ತು ನಲ್ಲಿ? ಅವರೆಲ್ಲಾ ಹಿಡಿದು, ಪಾತ್ರೆ ತೊಳೆದು, ಅಂಗಳಕ್ಕೂ ಹಾಕಿ ಮುಗಿಸಿದ ಮೇಲೆ ನಮ್ಮ ಸರದಿ. ಕೊಡ ನನ್ನ ಎದೆಯೆತ್ತರ ಇತ್ತು, ಅದನ್ನ ನೋಡೇ ನೀನು ನನಗೆ ಗಿಡ್ಡಿ ಅಂತ ಹೆಸರಿಟ್ಟಿದ್ದು. ಒಂದಿನ ಬಾಯಾರಿಕೆ ತಡೆಯಕ್ಕಾಗದೆ, ನೀನು ಮೋರಿಗೆ ಬಿಡ್ತಿದ್ದ ನೀರಿಗೆ ಬೊಗಸೆ ಒಡ್ಡಿದೆ. ಬಾಯಿ ಹತ್ರ ತಂದಿದ್ದೆ… ಪಟಾರ್ ಅಂತ ಹೊಡೆದೆ ನೋಡು, ನೀರೆಲ್ಲಾ ಚೆಲ್ಲಿಹೋಯ್ತು. ‘ಕುಡೀಬೇಡ ಗಿಡ್ಡಿ!’ ಅಂದೆ. ಅತ್ತೇಬಿಟ್ಟೆ ನಾನು. ಆಮೇಲೆ ಒಳ್ಳೆ ನೀರು ಬಂತಲ್ಲ, ಮೇಲಿನ ಬೀದಿಯೋರು ಬಾಯಿಗೆ ಬಂದಂಗೆ ಬೈತಿದ್ರೂ, ಆವತ್ತಿನ ಮೊದಲ ಕೊಡ ನನಗೇ ತುಂಬಿಸಿಕೊಟ್ಟೆ. ನಾನು ಎಲೆಕ್ಷನ್ನಿಗೆ ನಿಂತಿದ್ದೇ ಆ ಕೊಡ ನೆನೆಸ್ಕೊಂಡು ಅಣ್ಣ. ಭಾಷಣದಲ್ಲಿ ಹೇಳಿದ್ದೀನಿ, ಸುಳ್ಳಲ್ಲ ಅದು.

ಮೇಲಿನ ಬೀದಿಗೆ ಬಂದಿದ್ದು ಕೆಳಗಿನ ಬೀದಿಗೂ ಬರಬೇಕು. ಇಷ್ಟೇ ತಾನೆ ನಾನು ಕೇಳಿದ್ದು? ಎರಡು ಸಲ ಗೆದ್ದೆ, ಎರಡು ಸಲವೂ ಇದೊಂದೇ ಮಾತು. ಬೀದಿ ದೀಪ ಯಾರು ಹಾಕಿಸಿದ್ದು? ಸ್ಕೂಲಿನ ಛಾವಣಿ ಸೋರ್ತಿತ್ತು, ನಗರಸಭೆ ಮೀಟಿಂಗಿನಲ್ಲಿ ನೆಲದ ಮೇಲೆ ಕೂತುಬಿಟ್ಟೆ, ಅಧ್ಯಕ್ಷರು ಏಳಮ್ಮ ಏಳಮ್ಮ ಅಂದ್ರೂ ಏಳ್ಲಿಲ್ಲ. ಇಸ್ತ್ರಿಯವಳ ಗಂಡ ಸತ್ತಾಗ ಅವಳ ಪಿಂಚಣಿಗೆ ನಾನೇ ಆಫೀಸಿಂದ ಆಫೀಸಿಗೆ ಓಡಾಡಿದ್ದೀನಿ, ಚಪ್ಪಲಿ ಸವೆದುಹೋಯ್ತು. ನನಗೇನು ಲಾಭ? ಹೇಳು! ನನ್ನ ಮನೇಲಿ ಇವತ್ತಿಗೂ ಅದೇ ಎರಡು ರೂಮು. ಜನ ನನ್ನನ್ನ ಮೆಂಬರಮ್ಮ ಅಂತಾರೆ, ಅಷ್ಟೇ ನನ್ನ ಆಸ್ತಿ.

ಅದನ್ನ ಹಾಳು ಮಾಡ್ಕೊಳ್ಳೋದಾ ಈಗ? ಒಂದು ಪೈಪಿಗೋಸ್ಕರ?

ಗಂಟೆ… ಮೂರು ಮೂವತ್ತೈದು. ನಾಲ್ಕಕ್ಕೆ ನೀರು ಬಿಡಬೇಕು, ಗೊತ್ತಲ್ಲ? ಬೆಳಿಗ್ಗೆಯಿಂದ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದ್ದೀನಿ. ‘ಇಂದು ಸಂಜೆ ನಾಲ್ಕು ಗಂಟೆಗೆ ಕೆಳಗಿನ ಬೀದಿಗೆ ಮತ್ತೆ ನೀರು, ಕೌನ್ಸಿಲರ್ ಅವರ ಅವಿರತ ಪ್ರಯತ್ನದಿಂದ…’ ಅವಿರತ ಅನ್ನೋದು ನನ್ನ ಪಿ.ಎ. ಸೇರಿಸಿದ್ದು, ಅವನಿಗೆ ದೊಡ್ಡ ದೊಡ್ಡ ಪದ ಅಂದ್ರೆ ಪ್ರಾಣ. ಆಗಲೇ ಕೊಡ ಸಾಲಾಗಿ ಇಟ್ಟುಬಿಟ್ಟಿದ್ದಾರೆ ಹೆಂಗಸರು, ನಲ್ಲಿಯಿಂದ ಟೈಲರ್ ಅಂಗಡಿವರೆಗೂ. ನಾನು ಬರುವಾಗ ಯಾರೂ ಮಾತಾಡಿಸ್ಲಿಲ್ಲ. ಬಿಸಿಲಲ್ಲಿ ನಿಂತು ಸುಸ್ತಾಗಿರಬೇಕು ಪಾಪ.

ವಾಲ್ವ್ ತಿರುಗಿಸೋ ನಿನ್ನ ಉದ್ದನೆ ಕೀ ಎಲ್ಲಿ? ಯಾವಾಗಲೂ ಬಾಗಿಲ ಹಿಂದೆ ಒರಗಿಸಿರ್ತಿದ್ದೆ… ಓ. ಮಂಚದ ಕೆಳಗೆ ಹಾಕಿದ್ದೀಯಾ. ಯಾಕೆ ಅಲ್ಲಿ?

ಪೈಪು ರಿಪೇರಿ ಆಗಿದೆ ಅಣ್ಣ. ನಿನಗೆ ಹೇಳಿಲ್ವಾ ಯಾರೂ? ಆ ಕೀಲು, ಜಾಯಿಂಟು, ಮೋರಿ ಹತ್ರದ್ದು, ಅದನ್ನ ಮೊನ್ನೆ ಸರಿ ಮಾಡಿಸಿದ್ದೀನಿ. …ಕಿಟಕಿ ಕಡೆ ಯಾಕೆ ಕೈ ತೋರಿಸ್ತೀಯ? ಬೀದೀಲಿ ಅಗೆದ ಗುರುತಿಲ್ಲ ಅಂತಾನಾ? ಈಗೆಲ್ಲಾ ಅಗೆಯೋದೇ ಇಲ್ಲ! ಒಳಗಿಂದಲೇ ಏನೋ ಅಂಟು ಬಿಟ್ಟು ಮುಚ್ಚಿಬಿಡ್ತಾರೆ. ಹೊಸ ವಿಧಾನ. ನಿಮ್ಮ ಕಾಲದ್ದಲ್ಲ. ನೀರಿನ ಪರೀಕ್ಷೆ ವರದೀನೂ ಬಂದಿದೆ, ಎಲ್ಲಾ ಸರಿಯಾಗಿದೆ ಅಂತ. ಇಲ್ಲ, ತಂದಿಲ್ಲ, ಆಫೀಸಲ್ಲಿದೆ. ನನ್ನ ಮಾತು ಸಾಲದಾ ನಿನಗೆ?

ಸಾಲದು ಅನ್ನಿಸುತ್ತೆ. ಮುಖ ನೋಡು!

ಆ ಇಂಜಿನಿಯರ್ ಮುಖಾನೂ ಹಿಂಗೇ ಇತ್ತು. ‘ಮೋರಿ ಪಕ್ಕ ಬೇಡ ಮೇಡಂ, ಒಂದು ಕಡೆ ಮೋರಿ ಒಳಗೇ ಹಾದು ಹೋಗುತ್ತೆ, ಬೇರೆ ದಾರೀಲಿ ಅಗೀಬೇಕು, ಇನ್ನೊಂದು ವರ್ಷ ಕಾಯಿರಿ.’ ಕಾಯೋದಾ! ನಮ್ಮಮ್ಮ ಕಾದು ಕಾದು ಸತ್ಲು. ಅವಳ ನಡು ಬಗ್ಗಿಹೋಗಿತ್ತು, ಏರು ದಾರೀಲಿ ಕೊಡ ಹೊತ್ತು ಹೊತ್ತು. ಮೇಲಿನ ಬೀದಿಗೆ ಪೈಪು ಹಾಕುವಾಗ ಯಾರಾದ್ರೂ ಕಾಯಿರಿ ಅಂದಿದ್ರಾ? ನಮಗೆ ಮಾತ್ರ ಯಾಕೆ ಕಾಯೋದು? ಮೋರಿ ಪಕ್ಕ ಇರೋ ಗುಂಡೀಲೇ ಹಾಕಿ ಅಂದೆ. ಹದಿನೈದು ಅಡಿ ಮೋರೀಲಿ ಹೋಗುತ್ತೆ, ಹೋಗ್ಲಿ ಅಂದೆ. ಹದಿನೈದೇ ಅಡಿ ಅಣ್ಣ! ತಪ್ಪಾ ಅದು? ನ್ಯಾಯ ಕೇಳೋದು ತಪ್ಪಾ?

…ನೀನೂ ಅಂದಿದ್ದೆ, ಹೌದು. ಬೇಡ ಗಿಡ್ಡಿ ಅಂದಿದ್ದೆ. ಆಮೇಲೆ ನೀನೇ ಹೇಳಿದ್ಯಲ್ಲ, ಹಾಕಿದ್ರೆ ಅರ್ಧ ಗಂಟೆ ಅಲ್ಲ, ಒಂದು ಗಂಟೆ ಮೊದಲ ನೀರು ಹರಿಸ್ತೀನಿ, ಅದಿಲ್ಲದೆ ಒಂದು ತೊಟ್ಟೂ ಯಾರಿಗೂ ಕೊಡಲ್ಲ ಅಂತ. ನಾನು ಒಪ್ಪಿದ್ದೆ. ಒಪ್ಪಿದ್ದೆ ತಾನೆ? ಆಮೇಲೆ ನೀನು ಮರೆತೆ. ಅದೇ ಈ ಕಾಗದದಲ್ಲಿರೋದು.

ಅಯ್ಯೋ ಗಂಟಲು… ಒಂದು ನಿಮಿಷ. ಧೂಳು. …ಬೇಡ ಅಂದ್ನಲ್ಲ ಅಣ್ಣ, ಲೋಟ ಯಾಕೆ ಮುಂದೆ ತಳ್ತೀಯ? ಕೆಮ್ಮು ತಾನಾಗೇ ಹೋಗುತ್ತೆ.

ಎಲ್ಲಿದ್ದೆ… ಹಾಂ, ಉದ್ಘಾಟನೆ. ಜನ ಈಗ ನನ್ನ ಬಗ್ಗೆ ಏನೇನೋ ಮಾತಾಡ್ತಿದ್ದಾರಂತೆ. ಕೃತಘ್ನರು! ಆವತ್ತು ಇದೇ ಜನ ಶಿಳ್ಳೆ ಹೊಡೆದಿಲ್ವಾ? ನೀನು ವಾಲ್ವ್ ಗುಂಡಿ ಹತ್ರ ಇದ್ದೆ, ನೋಡ್ಲಿಲ್ಲ. ಮಂತ್ರಿಗಳು ನಲ್ಲಿ ತಿರುಗಿಸಿದ್ರು, ನೀರು ಬಂತು ನೋಡು, ಒಂದು ಕ್ಷಣಾನೂ ತಡ ಇಲ್ಲ! ಹೆಂಗಸರು ಅತ್ರು. ನಾನೂ ಅತ್ತೆ. ಮೊದಲ ಲೋಟ ನಾನೇ ಎತ್ತಿ ಕುಡಿದೆ, ಎಲ್ಲರ ಮುಂದೆ, ಗಟಗಟ ಅಂತ. ಪೇಪರಿನಲ್ಲಿ ಫೋಟೋ ಬಂದಿದೆ. ಅಂದ್ಮೇಲೆ ನೀರಲ್ಲೇ ದೋಷ ಇದ್ದಿದ್ರೆ ನನಗೂ ಏನಾದ್ರೂ ಆಗಬೇಕಿತ್ತಲ್ವಾ? ನಾನು ಕಲ್ಲುಗುಂಡಿನ ಹಾಗೆ ಇದ್ದೀನಿ! ಎರಡನೇ ಲೋಟ ನಲ್ಲಿಯಿಂದ ಹಿಡಿದು ಇಸ್ತ್ರಿಯವಳ ಮಗಳಿಗೆ ನನ್ನ ಕೈಯಾರೆ ಕುಡಿಸಿದೆ. ಆರು ವರ್ಷದ ಮಗು, ಎರಡು ಜಡೆ ಹಾಕ್ಕೊಂಡು ಬಂದಿತ್ತು. ವಾಸನೆ ಅಂತ ಮುಖ ಕಿವುಚಿತು. ನಾನೇ ನಗ್ತಾ ಅಂದೆ, ‘ಕುಡಿ ಕಂದ, ಹೊಸ ಪೈಪಿನ ವಾಸನೆ, ನೋಡು ನಾನು ಕುಡೀಲಿಲ್ವಾ’ ಅಂತ. ಕುಡೀತು. ಪೂರ್ತಿ ಕುಡಿದು ಖಾಲಿ ಲೋಟ ತಲೆಕೆಳಗೆ ಮಾಡಿ ತೋರಿಸ್ತು.

…

ಹೌದು. ಹೋಯ್ತು ಆ ಮಗು. ಮೂರು ದಿನ ಆಯ್ತು. ನಾನೇನು ಕಲ್ಲಾ ಅಣ್ಣ? ನಾನೂ ಹೋಗಿದ್ದೆ ಅವರ ಮನೆಗೆ. ಇಸ್ತ್ರಿಯವಳು ನನ್ನ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ಲು, ‘ನೀವೂ ಕುಡಿದ್ರಲ್ಲ ಮೆಂಬರಮ್ಮ, ನೀವು ಹೆಂಗೆ ಉಳಿದ್ರಿ?’ ಅಂತ. ನಾನೇನು ಹೇಳಲಿ? ಮಕ್ಕಳ ಹೊಟ್ಟೆ ಸೂಕ್ಷ್ಮ ಅಂದೆ. ಡಾಕ್ಟರೂ ಹಂಗೇ ಅಂದಿದ್ದಾರೆ.

ಏನದು? ಯಾಕೆ ಫೋನ್ ತೆಗೆದು ಮುಂದಿಡ್ತೀಯ? ಯಾರಾದ್ರೂ ಮಾಡಿದ್ರಾ? …ಇಲ್ವಲ್ಲ. ಏನು ತೋರಿಸ್ತಿದ್ದೀಯ? ಹತ್ತು ಐವತ್ತು. ಆವತ್ತಿನದ್ದು. ನನ್ನ ನಂಬರು. ಹೌದು, ನನ್ನ ನಂಬರು, ಆದ್ರೆ ಫೋನು ಪಿ.ಎ. ಕೈಲಿತ್ತು. ಮಂತ್ರಿಗಳು ಬರೋ ಹೊತ್ತಲ್ಲಿ ನಾನು ಫೋನ್ ಹಿಡ್ಕೊಂಡು ಕೂತಿರ್ತೀನಾ? ನೀನು ಅವನ ಹತ್ರ ಮಾತಾಡಿದ್ದೀಯ. ಅವನು ಏನಂದ್ನೋ ನನಗೆ ಗೊತ್ತಿಲ್ಲ. ನನ್ನ ಧ್ವನಿ ಹಂಗೇ ಕೇಳಿಸಿರಬೇಕು, ಸದ್ದು ಗದ್ದಲ ಇತ್ತು. ತಗೊಳ್ಳಣ್ಣ, ಒಳಗಿಡು ಇದನ್ನ. ಒಳಗಿಡು ಅಂದೆ!

ನೋಡಿ, ನಾನು ಇಷ್ಟು ಹೊತ್ತು ತಂಗಿಯಾಗಿ ಮಾತಾಡಿದೆ. ಈಗ ಕೌನ್ಸಿಲರಾಗಿ ಹೇಳ್ತೀನಿ, ಕೇಳಿ. ನೀವು ನಗರಸಭೆ ನೌಕರರು. ವಾಲ್ವ್ ತಿರುಗಿಸಿದ ಕೈ ನಿಮ್ಮದು. ನಾಳೆ ಈ ಕಾಗದ ಇದ್ರೆ ಮರೆವು ಅಂತಾರೆ, ಸಸ್ಪೆಂಡ್ ಮಾಡ್ತಾರೆ, ಆರು ತಿಂಗಳಲ್ಲಿ ನಾನೇ ಮುಂದೆ ನಿಂತು ಒಳಗೆ ಸೇರಿಸ್ತೀನಿ. ಕಾಗದ ಇಲ್ದಿದ್ರೆ? ಬೇಕಂತ ಮಾಡಿದ್ದು ಅಂತಾರೆ. ಜೈಲು. ಅತ್ತಿಗೆ ಇನ್ನೂ ಆಸ್ಪತ್ರೇಲಿ ಇದ್ದಾರೆ ಅನ್ನೋದು ನೆನಪಿರಲಿ. ಕಿಟಕಿ ಪಕ್ಕದ ಮಂಚಕ್ಕೆ ನೂರು ಜನ ಕಾಯ್ತಿದ್ದಾರೆ, ಇವತ್ತು ಒಂದು ಫೋನ್ ಮಾಡಿದ್ರೆ ಸಾಕು, ಮತ್ತೆ ಕಾರಿಡಾರು. ನಾನು ಮಾಡ್ತೀನಿ ಅಂತ ಅಲ್ಲ! ಮಾಡ್ತೀನಿ ಅಂದ್ನಾ? ಹಂಗೆ ಆಗಬಹುದು ಅಂದೆ.

…ಛೇ. ಇಲ್ಲಣ್ಣ, ಇಲ್ಲ. ಬಾಯಿ ತಪ್ಪಿ ಬಂತು. ಹಂಗೆ ನೋಡಬೇಡ ನನ್ನ. ಬೈಯಿ, ಎದ್ದು ಹೋಗು ಅನ್ನು, ಕೆನ್ನೆಗೆ ಬೇಕಾದ್ರೆ ಒಂದು ಬಿಗಿ, ಹಿಂಗೆ ಕೂತು ನೋಡಬೇಡ! ಮೂರು ರಾತ್ರಿ ನಿದ್ದೆ ಮಾಡಿಲ್ಲ ನಾನು. ತಲೆ ಚಿಟ್ಟು ಹಿಡಿದುಹೋಗಿದೆ.

ನಾಲ್ಕಕ್ಕೆ ಐದು ನಿಮಿಷ. ಏಳಣ್ಣ. ಸಹಿ ಆಮೇಲೆ ಹಾಕೋಣ, ಮೊದಲು ಹೋಗಿ ವಾಲ್ವ್ ತೆಗಿ. ಇವತ್ತು ನೀರು ಬರಲೇಬೇಕು. ನಾಳೆ ಅವನು ಬಂದಾಗ ನಲ್ಲೀಲಿ ನೀರು ಬರ್ತಿರಬೇಕು, ಜನ ಹಿಡೀತಿರಬೇಕು, ಕುಡೀತಿರಬೇಕು. ನೀರು ನಿಲ್ಲಿಸಿಟ್ರೆ ತಪ್ಪು ಒಪ್ಕೊಂಡಂಗೆ ಆಗುತ್ತೆ, ಅರ್ಥ ಆಗಲ್ವಾ? ಬೇಕಾದ್ರೆ ಇವತ್ತು ಎರಡು ಗಂಟೆ ಮೋರಿಗೆ ಹರಿಸು, ಮೂರು ಗಂಟೆ ಹರಿಸು, ನಾನೇ ಪಕ್ಕದಲ್ಲಿ ನಿಂತಿರ್ತೀನಿ!

…ತಲೆ ಅಲ್ಲಾಡಿಸ್ತೀಯ. ಎಷ್ಟು ಹರಿಸಿದ್ರೂ ಅಷ್ಟೇನಾ? ಹೆಂಗೆ ಗೊತ್ತು ನಿನಗೆ? ನೀರು ನಿಂತು ಐದು ದಿನ ಆಯ್ತು, ನೀನೇನು ಕದ್ದು ತೆಗೆದು ನೋಡಿದ್ಯಾ?

ಅಣ್ಣ… ಇದು ಎಲ್ಲಿಯ ನೀರು?

ಈ ಲೋಟದ್ದು. ಟ್ಯಾಂಕರಿನದ್ದು ತಾನೆ? ಬಾವೀದಾ? …ಅಲ್ಲಿ ಮೂಲೇಲಿ ಇರೋ ಕೊಡದ್ದಾ? ಆ ಕೊಡ ಯಾವಾಗ ತುಂಬಿದ್ದು? ಬೆಳಿಗ್ಗೆನಾ? ನಮ್ಮ ನಲ್ಲೀದಾ? ಎಲ್ಲಾ ಹರಿಸಿದ ಮೇಲೆ ಹಿಡಿದಿದ್ದಾ? …ಹೂಂ ಅಂತ ತಲೆ ಆಡಿಸ್ತೀಯ.

ತಿಳಿಯಾಗೇ ಇದೆಯಲ್ಲ! ನೋಡು, ಲೋಟದ ತಳ ಕಾಣ್ತಿದೆ. ಒಂದು ಕಸ ಇಲ್ಲ. ಹೇಳ್ಲಿಲ್ವಾ ನಾನು, ಎಲ್ಲಾ ಸರಿಹೋಗಿದೆ ಅಂತ! ಮತ್ತೆ ನಿನಗ್ಯಾಕೆ… ಕುಡೀಬಹುದು ಇದನ್ನ, ಯಾರು ಬೇಕಾದ್ರೂ… ನಾನಾ? ನನಗೆ ಬಾಯಾರಿಕೆ ಇಲ್ಲ. ಹೇಳಿದ್ನಲ್ಲ ಬಂದ ತಕ್ಷಣ. ಕೆಮ್ಮು ಬರ್ತಿರೋದು ಮಾತಾಡಿ ಮಾತಾಡಿ. ನೀನು ಒಂದು ಮಾತಾಡಿದ್ರೆ ನಾನು ಹತ್ತು ಕಡಿಮೆ ಆಡ್ತಿದ್ದೆ.

ಯಾಕೆ ಲೋಟಾನೇ ನೋಡ್ತಿದ್ದೀಯ? ನನ್ನ ನೋಡು. ಲೋಟ ನೋಡ್ತೀಯ, ಆಮೇಲೆ ನನ್ನ ನೋಡ್ತೀಯ… ಏನು, ಪರೀಕ್ಷೆ ಮಾಡ್ತಿದ್ದೀಯಾ? ತಂಗಿಗೆ ಪರೀಕ್ಷೆ ಇಡ್ತೀಯಾ?

…

ಮಾತಾಡ್ದೆ! ಹೌದು, ನಾನೇ ಮಾತಾಡ್ದೆ, ಸಾಕಾ? ಫೋನು ನನ್ನ ಕೈಲೇ ಇತ್ತು. ‘ಗಿಡ್ಡಿ, ನೀರು ಕರ್ರಗೆ ಬರ್ತಿದೆ, ಒಂದು ಗಂಟೆ ಬೇಕು’ ಅಂದೆ ನೀನು. ನಾನು ಬಿಡು ಅಂದೆ. ಮೋರಿ ಕಡೆ ಬೇಡ, ಸೀದಾ ನಲ್ಲಿಗೆ ಬಿಡು ಅಂದೆ. ಮಂತ್ರಿಗಳ ಕಾರು ಮೂಲೆ ತಿರುಗ್ತಿತ್ತು ಅಣ್ಣ! ಹದಿನೈದು ನಿಮಿಷ ಇದ್ದು ಹೋಗೋರು. ಅವರ ಕಣ್ಣ ಮುಂದೆ ಮೋರಿ ತುಂಬಾ ಕರ್ರನೆ ನೀರು ಹರೀತಿದ್ರೆ, ನಲ್ಲಿ ತಿರುಗಿಸಿದ್ರೆ ಗಾಳಿ ಬರ್ತಿದ್ರೆ… ಮೇಲಿನ ಬೀದಿಯೋರೆಲ್ಲಾ ನಗೋಕೆ ಅಂತಾನೇ ಬಂದು ನಿಂತಿದ್ರು. ಮೂವತ್ತು ವರ್ಷ ನಕ್ಕಿದ್ದಾರೆ ಅವರು. ಒಂದು ದಿನ, ಒಂದೇ ಒಂದು ದಿನ ನಾವು ನಗಬೇಕು ಅನ್ನಿಸ್ತು ನನಗೆ. ಸ್ವಲ್ಪ ಕೆಸರು ಕುಡಿದ್ರೆ ಯಾರೂ ಸಾಯಲ್ಲ ಅನ್ಕೊಂಡೆ. ನಾವೆಲ್ಲಾ ಕುಡಿದು ಬೆಳೆದೋರಲ್ವಾ? ನೀನು ಎರಡನೇ ಸಲ ಫೋನ್ ಮಾಡ್ದೆ, ನಾನು ಎತ್ತಲಿಲ್ಲ. ಆಮೇಲೆ ನೀನೂ ಬಿಟ್ಟೆ. ನನ್ನ ಮಾತು ನಂಬಿ ಬಿಟ್ಟೆ.

ಇನ್ನೇನು ಬೇಕು? ಅಷ್ಟೇ. ಇನ್ನೇನಿಲ್ಲ.

…ಇನ್ನೇನಿಲ್ಲ ಅಂದ್ನಲ್ಲ!

ವರದಿ ಬ್ಯಾಗಲ್ಲೇ ಇದೆ. ಇಲ್ಲೇ. ಓದಬೇಕಾ? ‘ಕುಡಿಯಲು ಯೋಗ್ಯವಲ್ಲ.’ ಮೂರು ಕಡೆ ಕೆಂಪು ಗೀಟು ಹಾಕಿದ್ದಾರೆ. ಪೈಪು ಯಾರೂ ಮುಟ್ಟಿಲ್ಲ. ರಿಪೇರಿಗೆ ಒಂದು ತಿಂಗಳು ಬೇಕಂತೆ. ಒಂದು ತಿಂಗಳು ಒಣ ನಲ್ಲಿ ಇಟ್ಕೊಂಡು ನಾನು ಹೆಂಗೆ ಮುಖ ತೋರಿಸಲಿ? ಇವತ್ತು, ನಾಳೆ, ಎರಡು ದಿನ ನೀರು ಬಂದ್ರೆ ಸಾಕು, ಅಧಿಕಾರಿ ಹೋಗ್ತಾನೆ, ಆಮೇಲೆ ನಿಲ್ಲಿಸೋಣ ಅಂತ… ಎರಡೇ ದಿನ ಅಣ್ಣ. ಬೆಳಿಗ್ಗೆಯಿಂದ ಯೋಚನೆ ಮಾಡ್ತಿದ್ದೀನಿ, ಮೈಕಲ್ಲಿ ಕಾಯಿಸಿ ಕುಡೀರಿ ಅಂತ ಸೇರಿಸ್ಲಾ ಅಂತ. ಸೇರಿಸಿದ್ರೆ ನಾಳೆ ಅವನು ಯಾಕೆ ಕಾಯಿಸಬೇಕು ಅಂತ ಕೇಳ್ತಾನಲ್ಲ. ಸೇರಿಸ್ಲಿಲ್ಲ.

ಆವತ್ತಿನ ಲೋಟಾನೂ… ಬೇಡ ಅಣ್ಣ, ಅದೊಂದು ಕೇಳಬೇಡ. ನೀನು ಕೇಳ್ತಾನೂ ಇಲ್ಲ. ನನಗೆ ಕಿವಿ ತುಂಬಾ ಇಸ್ತ್ರಿಯವಳ ಮಾತು, ನೀವು ಹೆಂಗೆ ಉಳಿದ್ರಿ, ನೀವು ಹೆಂಗೆ ಉಳಿದ್ರಿ… ಬಾಟಲಿ ನೀರು ಅಣ್ಣ. ಮೊದಲ ಲೋಟ ಪಿ.ಎ. ಮೊದಲೇ ತುಂಬಿಸಿಟ್ಟಿದ್ದ, ಮಂತ್ರಿಗಳಿಗೆ ಅಂತ ತಂದಿದ್ದ ಬಾಟಲಿಯಿಂದ. ನಾನೇ ಹೇಳಿದ್ದು. ನೀನು ಕರ್ರಗಿದೆ ಅಂದ್ಯಲ್ಲ, ಆಮೇಲೆ ಹೇಳಿದ್ದು. ಮಂತ್ರಿಗಳು ಮುಟ್ಟಲಿಲ್ಲ, ನಾನು ಕುಡಿದೆ. ಎರಡನೇದು ಮಾತ್ರ ನಲ್ಲೀದು.

ಈಗ ಗೊತ್ತಾಯ್ತಲ್ಲ. ನಿನಗೆ ಮಾತ್ರ ಗೊತ್ತು. ನಿನ್ನ ಕೈ ಹಿಡ್ಕೋತೀನಿ, ಈ ನಾಲ್ಕು ಗೋಡೆ ಒಳಗೇ…

ಯಾಕೆ ಬಾಗಿಲ ಕಡೆ ನೋಡ್ತಿದ್ದೀಯ?

…ಓ. ನೀವಾ. ಬನ್ನಿ ಬನ್ನಿ. ನಾಲ್ಕೂ ಹತ್ತು ಆಗೋಯ್ತಲ್ಲ, ನೀರು ಯಾಕೆ ಬಂದಿಲ್ಲ ಅಂತ ಬಂದ್ರಾ? ಬಿಡ್ತಾರೆ, ಈಗ ಬಿಡ್ತಾರೆ, ಅಣ್ಣನಿಗೆ ಸ್ವಲ್ಪ ಮೈ ಸರಿ ಇಲ್ಲ. ಏನಮ್ಮ, ಎಲ್ಲಾ ಖಾಲಿ ಕೊಡ ಹಿಡ್ಕೊಂಡು ಬಾಗಿಲಿಗೇ ಬಂದುಬಿಟ್ಟಿದ್ದೀರಿ… ಎಷ್ಟು ಹೊತ್ತಾಯ್ತು ಬಂದು? ಈಗ ತಾನೆ ಬಂದ್ರಿ ಅಲ್ವಾ? ಎಷ್ಟು ಹೊತ್ತಿಂದ ನಿಂತಿದ್ದೀರಿ?

ಯಾರಾದ್ರೂ ಒಬ್ಬರು ಮಾತಾಡಿ!

ದಾರಿ ಬಿಡ್ತಿದ್ದಾರೆ… ಯಾರಿಗೆ? …ನೀನೂ ಬಂದ್ಯ ತಾಯಿ? ನೀನು ಮನೇಲಿರಬೇಕಿತ್ತು. ಮಗು ಹೋಗಿ ಮೂರೇ ದಿನ… ಇಸ್ತ್ರಿ ಕೆಲಸ ಈಗಲೇ ಶುರು ಮಾಡಬೇಡ, ನಾನು ಹೇಳ್ತೀನಿ ಎಲ್ಲರಿಗೂ. ನನ್ನ ನೋಡು ತಾಯಿ, ನಾನು ಈಗ ಅಂದಿದ್ದು, ನೀನು ಕೇಳಿಸ್ಕೊಂಡಿದ್ದು… ಅದು ಹಂಗಲ್ಲ… ಏನು ಮಾಡ್ತಿದ್ದೀಯ? ಇಡು. ಆ ಲೋಟ ಇಡಮ್ಮ ಕೆಳಗೆ. ಚೆಲ್ಲುತ್ತೆ. ನನಗೆ ಬಾಯಾರಿಕೆ ಇಲ್ಲ ಅಂತ ಅಣ್ಣನಿಗೂ ಹೇಳಿದೆ, ಬೇಕಾದ್ರೆ ಅಣ್ಣನ್ನೇ ಕೇಳು.

ಕೈಯಾರೆ ಕೊಡ್ತಿದ್ದೀಯಾ.

ಕುಡೀತೀನಿ. ಯಾಕೆ ಕುಡಿಯಲ್ಲ? ನಾನೇ ತರಿಸಿದ ನೀರು. ನಮ್ಮಮ್ಮ ಇದ್ದಿದ್ರೆ ಕಣ್ಣಿಗೆ ಒತ್ಕೊಂಡು ಕುಡೀತಿದ್ಲು… ಕೊಡು. ಎಲ್ಲಾ ಹಿಂಗೆ ಸುತ್ತ ನಿಂತು ನೋಡ್ತಿದ್ರೆ ಹೆಂಗೆ ಕುಡಿಯೋದು, ಆ ಕಡೆ ತಿರುಗಿ ಸ್ವಲ್ಪ… ತಿರುಗಲ್ವಾ.

ಅಣ್ಣಾ. ನೋಡಣ್ಣಾ, ಬಾಯಿ ಹತ್ರ ಬಂತು ಲೋಟ. ಇಷ್ಟು ಹೊತ್ತು ಸುಮ್ಮನಿದ್ದೆ, ಇರ್ಲಿ, ಈಗ ಒಂದೇ ಒಂದು ಮಾತು. ಕೈಗೆ ಹೊಡಿ, ಆವತ್ತು ಹೊಡೆದ್ಯಲ್ಲ ಹಂಗೆ, ಚೆಲ್ಲಿಹೋಗ್ಲಿ ಎಲ್ಲಾ. ಕುಡೀಬೇಡ ಗಿಡ್ಡಿ ಅನ್ನು. ನೀನು ಅನ್ನು ಸಾಕು. ಅಣ್ಣಾ, ಕುಡೀಬೇಡ ಅನ್ನು… ಯಾಕೆ ಸುಮ್ಮನಿದ್ದೀಯ?